ಡೀಪ್ ಪರ್ಪಲ್ ‘ಮೇಡ್ ಇನ್ ಜಪಾನ್’ ಬಗ್ಗೆ ಇಷ್ಟೊಂದು ಹೊಗಳಿಕೆ ಯಾಕೆ?

ಆರನೇ ತಂತಿ
ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಈ ಆಲ್ಬಮ್ ಬಗ್ಗೆ, ಲೈವ್ ಆಲ್ಬಮ್ ಅಂದ್ರೆ ಇದೇ ಅಂತ ಎಲ್ಲ ಕಡೆ ಓದಿ ಓದಿ ಕೊನೆಗೂ ಕೂತು ಕೇಳಿದೆ. ಅವರ ಸ್ಟುಡಿಯೋ ಆಲ್ಬಮ್ ‘ಮೆಷಿನ್ ಹೆಡ್’ ನನಗೆ ಬಾಯಿಪಾಠ. ಇದರ ಏಳು ಹಾಡುಗಳಲ್ಲಿ ನಾಲ್ಕು ಅದರದ್ದೇ, ಹಾಗಾಗಿ ಸುಲಭವಾಗಿ ಹಿಡಿಸುತ್ತೆ ಅಂದುಕೊಂಡಿದ್ದೆ. ‘ಹೈವೇ ಸ್ಟಾರ್’ ಸೂಪರ್, ಎರಡು ಮಾತಿಲ್ಲ. ಆದರೆ ‘ಸ್ಪೇಸ್ ಟ್ರಕಿನ್’ ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷ, ಇಲ್ಲಿ ಹತ್ತಿರ ಹತ್ತಿರ 20 ನಿಮಿಷ! ಎಲ್‌ಪಿಯಲ್ಲಿ ಒಂದು ಇಡೀ ಸೈಡ್ ಅದಕ್ಕೇ ಹೋಗಿದೆ. ನಡುವೆ ಹಾಡು ಎಲ್ಲಿ ಕಳೆದುಹೋಯಿತು ಅಂತಲೇ ಗೊತ್ತಾಗುವುದಿಲ್ಲ. ‘ದ ಮ್ಯೂಲ್’ ಅಂತೂ ಡ್ರಮ್ ಸೋಲೋಗೆ ಒಂದು ನೆಪ ಅಷ್ಟೇ. ಹಳಬರು ಹೊಗಳಿದರು ಅಂತ ಎಲ್ಲರೂ ಸುಮ್ನೆ ಹೊಗಳ್ತಾ ಬಂದಿದ್ದಾರಾ? ಇನ್ನೊಂದು ಡೌಟು: ಇದು ಪೂರ್ತಿ ಲೈವಾ, ಇಲ್ಲಾ ಆಮೇಲೆ ಸ್ಟುಡಿಯೋದಲ್ಲಿ ಕೂತು ತೇಪೆ ಹಾಕಿದ್ದಾರಾ?

ಹ್ಯಾಮಂಡ್ ಭಕ್ತ
ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ, ಯಾಕಂದ್ರೆ ಮೊದಲನೆಯದರ ಉತ್ತರ ಅದರೊಳಗೇ ಇದೆ. ತೇಪೆ ಇಲ್ಲ. 1972ರ ಆಗಸ್ಟ್ 15, 16 ಒಸಾಕಾ, 17 ಟೋಕಿಯೋದ ಬುಡೋಕಾನ್, ಮೂರು ರಾತ್ರಿ ಎಂಟು ಟ್ರ್ಯಾಕ್ ಟೇಪಿನಲ್ಲಿ ಹಿಡಿದದ್ದು. ಎಂಜಿನಿಯರ್ ಮಾರ್ಟಿನ್ ಬರ್ಚ್. ಬ್ಯಾಂಡಿನವರಿಗೆ ಲೈವ್ ಆಲ್ಬಮ್ ಮಾಡುವ ಆಸೆಯೇ ಇರಲಿಲ್ಲ. ಜಪಾನಿನ ರೆಕಾರ್ಡ್ ಕಂಪನಿ ಕೇಳಿತು, ಅಲ್ಲಿಗೆ ಮಾತ್ರ ಅಂತ ಒಪ್ಪಿಕೊಂಡರು. ಖರ್ಚು ಸುಮಾರು 3,000 ಡಾಲರ್. ಮಿಕ್ಸಿಂಗ್‌ಗೆ (ಟ್ರ್ಯಾಕ್‌ಗಳ ಸದ್ದು ಹೊಂದಿಸೋಕೆ) ಬಂದವರು ಬ್ಯಾಂಡಿನ ಬಾಸ್ ಗಿಟಾರಿನ ರೋಜರ್ ಗ್ಲೋವರ್, ಡ್ರಮ್ಸ್‌ನ ಇಯಾನ್ ಪೇಸ್ ಇಬ್ಬರೇ. ಹೀಗೆ ಯಾರೂ ತಲೆಕೆಡಿಸಿಕೊಳ್ಳದೆ ಮಾಡಿದ್ದಕ್ಕೇ ಇದು ಇಷ್ಟು ಚೆನ್ನಾಗಿ ಬಂತು ಅನ್ನೋದು ನನ್ನ ನಂಬಿಕೆ.

ಥಿನ್ ಲಿಜ್ಜಿ ಬ್ಯಾಂಡಿನ ಲೈವ್ ಆಲ್ಬಮ್ ‘ಲೈವ್ ಆಂಡ್ ಡೇಂಜರಸ್’ ಕಥೆ ಗೊತ್ತಲ್ವಾ? ಅದರಲ್ಲಿ ಮುಕ್ಕಾಲು ಭಾಗ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದು ಅಂತ ಪ್ರೊಡ್ಯೂಸರ್ ಟೋನಿ ವಿಸ್ಕಾಂಟಿ ಹೇಳಿದರು. ಮುಕ್ಕಾಲು ಭಾಗ ಲೈವೇ ಅಂತ ಬ್ಯಾಂಡಿನ ಮ್ಯಾನೇಜರ್ ಹೇಳಿದರು. ಈ ಜಗಳ ಇವತ್ತಿಗೂ ಮುಗಿದಿಲ್ಲ. ‘ಮೇಡ್ ಇನ್ ಜಪಾನ್’ಗೆ ಆ ತಲೆನೋವು ಇಲ್ಲ.

‘ಸ್ಪೇಸ್ ಟ್ರಕಿನ್’ ವಿಷಯಕ್ಕೆ ಬಂದರೆ, ದಯವಿಟ್ಟು ಗಿಟಾರ್ ಬಿಟ್ಟು ಕೀಬೋರ್ಡ್ ನುಡಿಸುವ ಜಾನ್ ಲಾರ್ಡ್ ಏನು ಮಾಡ್ತಿದ್ದಾರೆ ಅಂತ ಕೇಳಿ. ಹ್ಯಾಮಂಡ್ ಆರ್ಗನ್ (ವಿದ್ಯುತ್ ಕೀಬೋರ್ಡ್ ವಾದ್ಯ) ತಗೊಂಡು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಹಾಕಿದ ಮನುಷ್ಯ! ಹಾಡು ಕಳೆದುಹೋಯಿತು ಅಂತ ನಿಮಗೆ ಅನ್ನಿಸುವ ಜಾಗದಲ್ಲೇ ಅವರ ಆಟ ಶುರು.

ನೇರ ಮಾತು
ನಾನು ಪ್ರಶ್ನೆ ಕೇಳಿದವರ ಪಕ್ಷ. ಲೈವ್ ಅಂದ ಮಾತ್ರಕ್ಕೆ ಉದ್ದ ಇರಬೇಕು ಅಂತ ರೂಲ್ಸ್ ಏನಾದ್ರೂ ಇದೆಯಾ? ಆ ಕಾಲದಲ್ಲಿ ಎಲ್ಲರಿಗೂ ಆ ಚಟ ಇತ್ತು. ಸಭಾಂಗಣದಲ್ಲಿ ಕೂತವರಿಗೆ 20 ನಿಮಿಷ ಹೋಗಿದ್ದೇ ಗೊತ್ತಾಗಿರುವುದಿಲ್ಲ, ಕಣ್ಣ ಮುಂದೆ ಗಿಟಾರ್ ಹಿಡಿದು ರಿಚಿ ಬ್ಲ್ಯಾಕ್‌ಮೋರ್ ಇರ್ತಾರೆ. ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳುವವನಿಗೆ ಅದೆಲ್ಲಿ ಸಿಗಬೇಕು? ಮತ್ತೆ, ಗಾಯಕ ಇಯಾನ್ ಗಿಲನ್‌ಗೇ ಅಲ್ಲಿನ ತನ್ನ ಹಾಡುಗಾರಿಕೆ ಅಷ್ಟು ಹಿಡಿಸಿರಲಿಲ್ಲ. ಹಾಡಿದವರಿಗೇ ಸಮಾಧಾನ ಇಲ್ಲದ್ದನ್ನು ನಾವು ತಲೆ ಮೇಲೆ ಹೊತ್ತು ತಿರುಗ್ತಿದ್ದೀವಿ.

ನನಗೆ ‘ಮೆಷಿನ್ ಹೆಡ್’ ಸಾಕು. ಬೇಕಾದರೆ ಬೈಯಿರಿ.

ಹ್ಯಾಮಂಡ್ ಭಕ್ತ
ಬೈಯಲ್ಲ. ಗಿಲನ್‌ಗೆ ಹಿಡಿಸಲಿಲ್ಲ ಅನ್ನೋದು ನಿಜ. ಆದರೆ ‘ಚೈಲ್ಡ್ ಇನ್ ಟೈಮ್’ನಲ್ಲಿ ಆ ದನಿ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಗುವುದನ್ನು ಕೇಳಿದ ಮೇಲೂ ಅವರ ಮಾತನ್ನೇ ನಂಬ್ತೀರಾ?

ಬಿ ಸೈಡ್
ನಾನು ಇಬ್ಬರಿಗೂ ಅರ್ಧ ಅರ್ಧ ಒಪ್ಪುತ್ತೇನೆ. ಡ್ರಮ್ ಸೋಲೋವನ್ನು ನಾನೂ ದಾಟಿಸಿಬಿಡ್ತೀನಿ (ಪೇಸ್ ಅಭಿಮಾನಿಗಳು ಕ್ಷಮಿಸಿ). ಆದರೆ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಬಗ್ಗೆ ಯಾರೂ ಮಾತೇ ಆಡಿಲ್ಲವಲ್ಲ! ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ಒಂದು ತುಣುಕು ನುಡಿಸ್ತಾರೆ, ಗಿಲನ್ ಗಂಟಲಲ್ಲಿ ಅದನ್ನೇ ವಾಪಸ್ ಕೊಡ್ತಾರೆ, ಇವರು ಇನ್ನೂ ಕಷ್ಟದ್ದು ಎಸೀತಾರೆ, ಅವರು ಅದನ್ನೂ ಬಿಡಲ್ಲ, ಕೊನೆಗೆ ಗಿಲನ್ ಒಂದು ಉದ್ದನೆಯ ಕಿರುಚು ಕಿರುಚಿ ಆಟ ಮುಗಿಸ್ತಾರೆ. ನಮ್ಮ ಕಛೇರಿಗಳಲ್ಲಿ ತನಿ ಆವರ್ತನದ ಹೊತ್ತಿಗೆ ಮೃದಂಗ, ಘಟ ಸವಾಲು ಹಾಕಿಕೊಳ್ಳುತ್ತವಲ್ಲ, ಅದೇ ಮಜಾ. ಸ್ಟುಡಿಯೋದಲ್ಲಿ ಇದು ಹುಟ್ಟುವುದಿಲ್ಲ. ಇನ್ನೂ ಬೇಜಾರಿನ ವಿಷಯ ಏನಂದ್ರೆ, ಇಷ್ಟು ಚೆನ್ನಾಗಿ ಆಡ್ತಿದ್ದ ಇದೇ ಐವರು ಮುಂದಿನ ವರ್ಷ, 1973ರ ಜೂನ್‌ನಲ್ಲಿ, ಅದೇ ಒಸಾಕಾದಲ್ಲಿ ಕೊನೆಯ ಶೋ ಮಾಡಿ ಬೇರೆಯಾದರು. ಮತ್ತೆ ಒಟ್ಟಿಗೆ ಸೇರಿದ್ದು 1984ರಲ್ಲಿ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಯಾವ ಮಿಕ್ಸ್ ಕೇಳಿದ್ರಿ? 2025ರಲ್ಲಿ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ್ದು ಬಂದಿದೆ. ಅದು ಸ್ವಚ್ಛ ಅಂತ ಕೆಲವರಿಗೆ ಖುಷಿ, ನನಗೆ ಹಳೆಯದರ ಒರಟುತನವೇ ಇಷ್ಟ. ಹಳೆಯದರಲ್ಲಿ ಗಿಟಾರ್ ಒಂದು ಕಿವಿಗೆ, ಆರ್ಗನ್ ಇನ್ನೊಂದು ಕಿವಿಗೆ. ಒಮ್ಮೆ ಒಂದೇ ಕಿವಿಯ ಹೆಡ್‌ಫೋನ್‌ನಲ್ಲಿ ‘ಲೇಜಿ’ ಕೇಳಿ ನೋಡಿ.

ಆರನೇ ತಂತಿ
ಫೋನಿನ ಸ್ಪೀಕರ್‌ನಲ್ಲಿ ಕೇಳಿದ್ದು ಅಂದ್ರೆ ಎಲ್ಲರೂ ಸೇರಿ ಹೊಡೀತೀರಿ ಅನ್ಸುತ್ತೆ. ಗಿಟಾರ್, ಗಂಟಲು ಜಗಳ ಈಗ ಮತ್ತೆ ಹಾಕಿ ಕೇಳಿದೆ, ಅದು ಮಸ್ತ್, ಒಪ್ಪಿದೆ. ‘ಸ್ಪೇಸ್ ಟ್ರಕಿನ್’ ಮಾತ್ರ ಇನ್ನೂ ಉದ್ದವೇ.

ನೇರ ಮಾತು
ಹಾಗೆ ಗಟ್ಟಿಯಾಗಿ ನಿಲ್ಲಿ ಗುರು.