ಆ ಪಟ್ಟಿಯನ್ನು ಅವಳಿಗೆ ಕಳಿಸುವ ಮೊದಲು

ತಮ್ಮಾ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಉಳಿದವರೂ ಕೇಳಿಸಿಕೊಳ್ಳಿ. ದೊಡ್ಡಪ್ಪನಿಗೂ ಇದರಲ್ಲಿ ಒಂದು ಮಾತಿದೆ.

ನಿನ್ನ ಜೊತೆ ಓದಿದ ಗೆಳತಿ ಯುದ್ಧ ನಡೆಯುತ್ತಿರುವ ಕಡೆ ಸಿಕ್ಕಿಕೊಂಡಿದ್ದಾಳೆ, ಗಾಯಗೊಂಡವರಿಗೆ ಔಷಧಿ ತಲುಪಿಸುವ ಗುಂಪಿನಲ್ಲಿ ಓಡಾಡುತ್ತಿದ್ದಾಳೆ, ಅವಳ ಫೋನ್ ಕಾಪಾಡಿಕೊಳ್ಳಲು ಯಾವ ಆ್ಯಪ್ ಹೇಳಲಿ ಅಂತ ಕೇಳಿದ್ದೀಯ. ಜೊತೆಗೆ ಎಲ್ಲಿಂದಲೋ ಸಿಕ್ಕ ಆ್ಯಪ್‌ಗಳ ಉದ್ದ ಪಟ್ಟಿ ಬೇರೆ ಹಾಕಿದ್ದೀಯ. ಮೊದಲು ಆ ಮೆಸೇಜ್ ಅಳಿಸು. ಎಲ್ಲರಿಗೂ ಅಳಿಸುವ ಹಾಗೆ ಅಳಿಸು. ಅದರಲ್ಲಿ ಅವಳ ಪೂರ್ತಿ ಹೆಸರಿದೆ, ಊರಿದೆ, ಯಾರ ಜೊತೆ ಕೆಲಸ ಮಾಡುತ್ತಾಳೆ ಅನ್ನುವುದೂ ಇದೆ. ಗ್ರೂಪಿನಲ್ಲಿ ಇರುವವರೆಲ್ಲ ನಮ್ಮವರೇ, ನಿಜ. ಆದರೆ ನಮ್ಮವರು ಅದನ್ನು ಎಲ್ಲೆಲ್ಲಿಗೆ ಫಾರ್ವರ್ಡ್ ಮಾಡುತ್ತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು! ನಾನಂತೂ ಈ ಮೆಸೇಜ್‌ನಲ್ಲಿ ಅವಳ ಹೆಸರಾಗಲಿ ದೇಶವಾಗಲಿ ಎತ್ತುವುದಿಲ್ಲ.

ಆ ಪಟ್ಟಿ ಕೆಟ್ಟದ್ದೇನಲ್ಲ. ಆದರೆ ಅದನ್ನು ಬರೆದವರ ತಲೆಯಲ್ಲಿ ಇದ್ದದ್ದು ದೂರದಲ್ಲಿ ಕೂತ ಹ್ಯಾಕರ್. ಅವಳಿಗೆ ದಿನವೂ ಎದುರಾಗುವುದು ಚೆಕ್‌ಪೋಸ್ಟ್‌ನಲ್ಲಿ ಬಂದೂಕು ಹಿಡಿದು, ಫೋನ್ ಕೊಡು, ಲಾಕ್ ತೆಗಿ ಅನ್ನುವ ಮನುಷ್ಯ. ಇವೆರಡೂ ಬೇರೆ ಬೇರೆ ಭಯ. ಮ್ಯಾನ್ಮಾರ್‌ನಲ್ಲಿ 2021ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಸೈನಿಕರು ರಸ್ತೆಯಲ್ಲೇ ಜನರನ್ನು ನಿಲ್ಲಿಸಿ ಫೋನ್ ನೋಡುತ್ತಿದ್ದರು. ಫೋನಲ್ಲಿ ವಿಪಿಎನ್, ಅಂದರೆ ತಡೆದ ವೆಬ್‌ಸೈಟ್‌ಗಳನ್ನು ಮರೆಯಲ್ಲಿ ತೆರೆಯುವ ಆ್ಯಪ್, ಇದ್ದರೆ ಅದೇ ಒಂದು ಅನುಮಾನ. ಅದೇ ವರ್ಷ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಜನ ಹಳೆಯ ಫೋಟೊ, ಹಳೆಯ ಮೆಸೇಜ್ ಅಳಿಸುತ್ತಾ ಕೂತರು. ಯಾರು ಯಾರ ಗೆಳೆಯರು ಅಂತ ಗೊತ್ತಾಗಬಾರದು ಅಂತ ಫೇಸ್‌ಬುಕ್ ಅಲ್ಲಿನವರ ಫ್ರೆಂಡ್ಸ್ ಲಿಸ್ಟನ್ನೇ ಮರೆಮಾಡಿತು. ಅಂದರೆ ನೀನು ರಕ್ಷಣೆ ಅಂತ ಕಳಿಸುವ ಆ್ಯಪೇ ಅವಳ ವಿರುದ್ಧ ಸಾಕ್ಷಿ ಆಗಬಹುದು. ಅದಕ್ಕೆ ಪಟ್ಟಿ ಕಳಿಸುವ ಮೊದಲು ಅವಳನ್ನೇ ಕೇಳು: ನಿನಗೆ ಯಾರ ಭಯ, ಅವರ ಕೈಗೆ ಏನು ಸಿಗಬಾರದು? ಉಳಿದದ್ದೆಲ್ಲ ಆ ಉತ್ತರದ ಮೇಲೆ ನಿಲ್ಲುತ್ತದೆ.

ಹಾಗಂತ ಹೇಳಬಹುದಾದ ಮಾತು ಇಲ್ಲವೇ ಇಲ್ಲ ಅಂತಲ್ಲ. ಬೆರಳಚ್ಚು, ಮುಖ ತೋರಿಸಿ ಲಾಕ್ ತೆಗೆಯುವುದು, ಎರಡನ್ನೂ ಆಫ್ ಮಾಡಿ ಉದ್ದನೆಯ ಪಾಸ್‌ಕೋಡ್ ಇಟ್ಟುಕೊಳ್ಳಲಿ. ಬೆರಳನ್ನು ಹಿಡಿದು ಒತ್ತಿಸಬಹುದು, ಮುಖದ ಮುಂದೆ ಫೋನ್ ಹಿಡಿಯಬಹುದು, ಪಾಸ್‌ಕೋಡ್ ಹಾಗೆ ಸಿಗುವುದಿಲ್ಲ. ಚೆಕ್‌ಪೋಸ್ಟ್ ಹತ್ತಿರ ಬರುವ ಮೊದಲೇ ಫೋನ್ ಪೂರ್ತಿ ಆಫ್ ಮಾಡಲಿ. ಆನ್ ಆದ ಮೇಲೆ ಮೊದಲ ಸಲ ಪಾಸ್‌ಕೋಡ್ ಹಾಕುವ ತನಕ ಈಗಿನ ಫೋನುಗಳ ಒಳಗಿನ ಮಾಹಿತಿ ಬಿಗಿಯಾಗಿ ಮುಚ್ಚಿರುತ್ತದೆ. ಯಂತ್ರ ಹಚ್ಚಿ ತೆಗೆಯುವವರಿಗೂ ಕಷ್ಟ. ಆದರೆ ಪಾಸ್‌ಕೋಡ್ ಹೇಳದಿದ್ದರೆ ಹೊಡೆಯುತ್ತಾರೆ ಅನ್ನುವ ಜಾಗದಲ್ಲಿ ಇದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಉಳಿಯುವುದು ಒಂದೇ ದಾರಿ, ಫೋನಿನಲ್ಲಿ ಏನೂ ಇಲ್ಲದಿರುವುದು. ಅದೂ ತೀರಾ ಖಾಲಿ ಇದ್ದರೆ ಅನುಮಾನ ಜಾಸ್ತಿ. ಮನೆಯವರ ಫೋಟೊ, ಸುಮ್ನೆ ಆಡುವ ಆಟ, ಶುಭಾಶಯದ ಮೆಸೇಜ್, ಇಂಥವೆಲ್ಲ ಇರಲಿ. ಕೆಲಸದ ಮಾತು ಮಾತ್ರ ಇರಬಾರದು. ಸಿಗ್ನಲ್ ಅನ್ನುವ ಮೆಸೇಜ್ ಆ್ಯಪ್, ವಾಟ್ಸ್‌ಆ್ಯಪ್ ಎರಡರಲ್ಲೂ ಮೆಸೇಜ್ ತಾನಾಗಿ ಅಳಿಸಿಹೋಗುವ ವ್ಯವಸ್ಥೆ ಇದೆ. ಅದನ್ನು ನಿನ್ನ ಕಡೆಯಿಂದ ನೀನೇ ಆನ್ ಮಾಡು, ಅವಳು ಕೇಳಲಿ ಅಂತ ಕಾಯಬೇಡ.

ಅಂದಹಾಗೆ, ವಾಟ್ಸ್‌ಆ್ಯಪ್ ಮೆಸೇಜ್ ದಾರಿಯಲ್ಲಿ ಯಾರಿಗೂ ಓದಲು ಬರುವುದಿಲ್ಲ, ಅದು ಸರಿ. ಆದರೆ ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗುವ ಬ್ಯಾಕಪ್‌ಗೆ ಆ ಬೀಗ ಬೇಕಾದರೆ ಅದನ್ನು ಸೆಟ್ಟಿಂಗ್‌ನಲ್ಲಿ ಬೇರೆಯಾಗಿ ಆನ್ ಮಾಡಬೇಕು. ಟೆಲಿಗ್ರಾಂ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಅದರ ಸಾಮಾನ್ಯ ಚಾಟ್, ಗ್ರೂಪ್ ಯಾವುದಕ್ಕೂ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಕಂಪನಿಗೂ ಓದಲು ಬಾರದ ಬೀಗ, ಇಲ್ಲ. ಸೀಕ್ರೆಟ್ ಚಾಟ್ ಅಂತ ಬೇರೆ ತೆರೆದರೆ ಮಾತ್ರ ಉಂಟು. ದಾಳಿಯ ಸುದ್ದಿ ಓದಲು ಟೆಲಿಗ್ರಾಂ ಇರಲಿ, ಯಾರು ಎಲ್ಲಿ ಅಡಗಿದ್ದಾರೆ ಅಂತ ಹೇಳಲು ಬೇಡ. ನನ್ನ ಮಾತು ಕೇಳುವುದಾದರೆ ಸಿಗ್ನಲ್ಲೇ ಒಳ್ಳೆಯದು. 2024ರಿಂದ ಅದರಲ್ಲಿ ಫೋನ್ ನಂಬರ್ ತೋರಿಸದೆ ಯೂಸರ್‌ನೇಮ್‌ನಿಂದಲೇ ಮಾತಾಡಬಹುದು. ಆದರೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಗ್ರೂಪಿಗೆ ಸೇರಿ ಅಂತ ಕ್ಯೂಆರ್ ಕೋಡ್ ಕಳಿಸಿ, ಅದನ್ನು ಸ್ಕ್ಯಾನ್ ಮಾಡಿದವರ ಸಿಗ್ನಲ್ ಖಾತೆಗೆ ತಮ್ಮ ಕಂಪ್ಯೂಟರ್ ಜೋಡಿಸಿಕೊಳ್ಳುವ ಕೆಲಸವನ್ನು ರಷ್ಯಾ ಪರ ಹ್ಯಾಕರ್‌ಗಳು ಉಕ್ರೇನಿನವರ ಮೇಲೆ ಮಾಡಿದ್ದಾರೆ. 2025ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಬಯಲು ಮಾಡಿತು. ಸಿಗ್ನಲ್ ಸೆಟ್ಟಿಂಗ್‌ನಲ್ಲಿ ಲಿಂಕ್ಡ್ ಡಿವೈಸಸ್ ಅಂತ ಇದೆ. ಗೊತ್ತಿಲ್ಲದ ಹೆಸರು ಅಲ್ಲಿದ್ದರೆ ಕೂಡಲೇ ತೆಗೆಯಲು ಹೇಳು.

ಇನ್ನೊಂದು, ಲಿಂಕಿನಿಂದ ಆ್ಯಪ್ ಇಳಿಸಿಕೊಳ್ಳುವುದು. ನಿನ್ನ ಪಟ್ಟಿಯಲ್ಲೇ ಅಂಥ ಲಿಂಕ್ ಇವೆ, ನೋಡು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್‌ನಲ್ಲಿ ರಾಕೆಟ್ ದಾಳಿಯ ಎಚ್ಚರಿಕೆ ಕೊಡುವ ರೆಡ್ ಅಲರ್ಟ್ ಆ್ಯಪಿನ ನಕಲಿ ಮಾಡಿ, ಒಂದು ವೆಬ್‌ಸೈಟ್ ಮೂಲಕ ಹಂಚಿದರು. ಅದು ಎಚ್ಚರಿಕೆಯನ್ನೂ ಕೊಡುತ್ತಿತ್ತು, ಜೊತೆಗೆ ಫೋನಿನಲ್ಲಿದ್ದ ನಂಬರ್, ಎಸ್‌ಎಂಎಸ್ ಎಲ್ಲ ಕದಿಯುತ್ತಿತ್ತು. ಹೆದರಿದವರು ಕಂಡದ್ದನ್ನೆಲ್ಲ ಒತ್ತುತ್ತಾರೆ ಅಂತ ಇಂಥದ್ದು ಮಾಡುವವರಿಗೆ ಚೆನ್ನಾಗಿ ಗೊತ್ತು.

ನೆಟ್‌ವರ್ಕೇ ಹೋದರೆ? ಹೋಗೇ ಹೋಗುತ್ತದೆ ಅಂತಲೇ ಇಟ್ಟುಕೊಳ್ಳಬೇಕು. ಕೀವ್‌ಸ್ಟಾರ್ ಉಕ್ರೇನಿನ ಅತಿ ದೊಡ್ಡ ಮೊಬೈಲ್ ಕಂಪನಿ, ಆಗ ಸುಮಾರು 2.4 ಕೋಟಿ ಗ್ರಾಹಕರಿದ್ದರು. 2023ರ ಡಿಸೆಂಬರ್ 12ರಂದು ಸೈಬರ್ ದಾಳಿಯಲ್ಲಿ ಅದು ನಿಂತುಹೋಯಿತು. ಕೆಲವು ಕಡೆ ವಾಯುದಾಳಿಯ ಎಚ್ಚರಿಕೆಗೂ ತೊಂದರೆಯಾಯಿತು. ಸುಡಾನ್‌ನಲ್ಲಿ 2024ರ ಫೆಬ್ರವರಿಯಲ್ಲಿ ಸಂಪರ್ಕ ಕಡಿದಾಗ ಹಣವೂ ನಿಂತಿತು, ಯಾಕೆಂದರೆ ಯುದ್ಧ ಶುರುವಾದ ಮೇಲೆ ಅಲ್ಲಿನ ಜನ ಬದುಕುತ್ತಿದ್ದದ್ದೇ ಬ್ಯಾಂಕಿನ ಆ್ಯಪಿಗೆ ಬರುವ ಹಣದಿಂದ. ಹಾಗಾಗಿ ಮುಖ್ಯವಾದ ನಂಬರ್‌ಗಳು ಬಾಯಿಪಾಠ ಇರಲಿ, ಓಡಾಡುವ ಜಾಗದ ಮ್ಯಾಪ್ ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ಹಾಗೆ ಇಳಿಸಿಕೊಂಡಿರಲಿ. ಗಾಜಾದಲ್ಲಿ 2023ರ ಅಕ್ಟೋಬರ್ 27ರ ಸುಮಾರಿಗೆ ಎಲ್ಲ ಸಂಪರ್ಕ ಹೋದಾಗ ಈಜಿಪ್ಟಿನ ಪತ್ರಕರ್ತೆ ಮಿರ್ನಾ ಎಲ್ ಹೆಲ್ಬಾವಿ ಇ-ಸಿಮ್, ಅಂದರೆ ಚಿಪ್ ಹಾಕದೆ ಕೋಡ್ ಸ್ಕ್ಯಾನ್ ಮಾಡಿ ಫೋನಿಗೆ ಇಳಿಸಿಕೊಳ್ಳುವ ಸಿಮ್, ಕಳಿಸುವ ಕೆಲಸ ಶುರು ಮಾಡಿದರು. ಜಗತ್ತಿನ ಎಲ್ಲೆಲ್ಲೋ ಇದ್ದವರು ಇ-ಸಿಮ್ ಕೊಂಡು ಅದರ ಕ್ಯೂಆರ್ ಕೋಡ್ ಕೊಟ್ಟರು. ಒಳಗಿದ್ದವರು ಎತ್ತರದ ಜಾಗಕ್ಕೆ ಹೋಗಿ, ಗಡಿಯಾಚೆಯ ಟವರ್ ಹಿಡಿದು ಮಾತಾಡಿದರು. ಕೂತಲ್ಲಿಂದಲೇ ಮಾಡಿದ ಸಹಾಯಗಳಲ್ಲಿ ಇಷ್ಟು ನೇರವಾದದ್ದು ನಾನು ಬೇರೆ ನೋಡಿಲ್ಲ. ಗಡಿ ದೂರ ಇದ್ದರೆ, ಫೋನ್ ಹಳೆಯದಾಗಿದ್ದರೆ ಇದು ನಡೆಯುವುದಿಲ್ಲ, ಅದೂ ನೆನಪಿರಲಿ.

ಈಗ ದೊಡ್ಡಪ್ಪಾ, ನೀವು ಹಾಕಿದ ಬಾಂಬಿನ ವಿಡಿಯೊ. ಅದು ಎಲ್ಲಿನದು, ಯಾವಾಗಿನದು ಅಂತ ನಮಗೆ ಯಾರಿಗೂ ಗೊತ್ತಿಲ್ಲ ಅಲ್ವಾ? 2022ರ ಮಾರ್ಚ್‌ನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಶರಣಾಗಿ ಅನ್ನುವ ಡೀಪ್‌ಫೇಕ್, ಅಂದರೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ನಕಲಿ ವಿಡಿಯೊ ಕೂಡ ಹೀಗೇ ಓಡಾಡಿತ್ತು. ವಿಡಿಯೊ ನಿಜವೇ ಆಗಿದ್ದರೂ ತೊಂದರೆ ಇದೆ. ಬಾಂಬ್ ಎಲ್ಲಿ ಬಿತ್ತು ಅಂತ ಕೂಡಲೇ ತೋರಿಸಿದರೆ, ಹಾಕಿದವನಿಗೆ ಗುರಿ ಎಷ್ಟು ತಪ್ಪಿತು ಅಂತ ಗೊತ್ತಾಗುತ್ತದೆ. ನೀವು ಬೇಜಾರು ಮಾಡಿಕೊಳ್ಳಬೇಡಿ, ಆದರೆ ತೆಗೆದುಬಿಡಿ.

ವಿಡಿಯೊ ಬೇಡವೇ ಬೇಡ ಅಂತಲ್ಲ ತಮ್ಮಾ. ಅವಳೇ ಏನಾದರೂ ಚಿತ್ರೀಕರಿಸಿದ್ದರೆ ಅದು ಮುಂದೆ ಸಾಕ್ಷಿ ಆಗಬಹುದು. ಸಿರಿಯಾದ ಜನ ಯೂಟ್ಯೂಬ್‌ಗೆ ಹಾಕಿದ್ದ ಸಾವಿರಾರು ವಿಡಿಯೊಗಳನ್ನು 2017ರಲ್ಲಿ ಯೂಟ್ಯೂಬಿನ ಯಂತ್ರವೇ ಹಿಂಸೆಯ ವಿಡಿಯೊ ಅಂತ ತೆಗೆದುಹಾಕಿತು. ಅಂಥವುಗಳ ಪ್ರತಿ ಉಳಿಸಲು ಹೋರಾಡಿದ್ದು ಸಿರಿಯನ್ ಆರ್ಕೈವ್ ಅನ್ನುವ ಗುಂಪು. ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯವಾಗಿ ಕಳಿಸಿದರೆ ವಿಡಿಯೊ ಕುಗ್ಗುತ್ತದೆ, ತೆಗೆದ ಸಮಯ, ಜಾಗದ ಗುರುತೂ ಹೋಗುತ್ತದೆ. ಮೂಲ ಫೈಲ್ ಎಲ್ಲಾದರೂ ಸುರಕ್ಷಿತವಾಗಿ ಇಟ್ಟು, ಆಮೇಲೆ ಫೋನಿನಿಂದ ಅಳಿಸಲಿ.

ಅವಳ ಜೊತೆ ಮಾತಾಡುವಾಗ ಎಲ್ಲಿದ್ದೀಯ ಅಂತ ಕೇಳಬೇಡ. ಲೊಕೇಶನ್ ಕಳಿಸು ಅನ್ನಲೇ ಬೇಡ. ಮೊದಲೇ ಒಂದು ಮಾತು ಗುರುತಿಟ್ಟುಕೊಳ್ಳಿ, ಅದನ್ನು ಬರೆದರೆ ಕ್ಷೇಮ ಅಂತ ಅರ್ಥ. ಆ ಮಾತಿಲ್ಲದೆ ಅವಳ ನಂಬರಿನಿಂದ ಹಣ ಬೇಕು, ಲಿಂಕ್ ನೋಡು ಅಂತ ಬಂದರೆ ಫೋನ್ ಅವಳ ಕೈಯಲ್ಲಿಲ್ಲ ಅಂತಲೇ ತಿಳಿದುಕೋ. ಅವಳು ಉತ್ತರಿಸದಿದ್ದರೆ ಮೇಲಿಂದ ಮೇಲೆ ಮೆಸೇಜ್ ಹಾಕಬೇಡ. ಪರದೆಯ ಮೇಲೆ ಕಾಣುವ ಪ್ರತಿ ನೋಟಿಫಿಕೇಶನ್ ಪಕ್ಕದಲ್ಲಿ ನಿಂತವನಿಗೂ ಕಾಣುತ್ತದೆ.

ನಮ್ಮ ಕೈಲಿ ಬಗೆಹರಿಯದ್ದು ಬಂದರೆ, ಉದಾಹರಣೆಗೆ ಅವಳ ಖಾತೆಯೇ ಯಾರದೋ ಪಾಲಾದರೆ, ಆಕ್ಸೆಸ್ ನೌ ಅನ್ನುವ ಸಂಸ್ಥೆಯ ಸಹಾಯವಾಣಿ ಇದೆ. ಹೋರಾಟಗಾರರಿಗೆ, ಪತ್ರಕರ್ತರಿಗೆ, ಅವಳಂಥ ಗುಂಪುಗಳಿಗೆ ಹಗಲೂ ರಾತ್ರಿ, ಹಲವು ಭಾಷೆಗಳಲ್ಲಿ, ಉಚಿತ. ಓದಿಕೊಳ್ಳಲು ಬೇಕಾದರೆ ಫ್ರಂಟ್ ಲೈನ್ ಡಿಫೆಂಡರ್ಸ್ ಅವರ ಸೆಕ್ಯುರಿಟಿ ಇನ್ ಎ ಬಾಕ್ಸ್ ನಿನ್ನ ಪಟ್ಟಿಗಿಂತ ಎಷ್ಟೋ ಮೇಲು. ಮನೆಯವರು ಬೇರೆ ಬೇರೆಯಾಗಿ ಕಾಣೆಯಾದರೆ ಹುಡುಕಿಸುವ ಕೆಲಸ ರೆಡ್ ಕ್ರಾಸ್ ಮಾಡುತ್ತದೆ. 2022ರ ಜನವರಿಯಲ್ಲಿ ಆ ಕೆಲಸದ ಮಾಹಿತಿಯೇ ಹ್ಯಾಕ್ ಆಗಿ 5,15,000ಕ್ಕೂ ಹೆಚ್ಚು ಜನರ ವಿವರ ಹ್ಯಾಕರ್‌ಗಳ ಕೈಗೆ ಸಿಕ್ಕಿತ್ತು. ಇಷ್ಟಾದರೂ ಹುಡುಕಿಸಲು ನಾನು ಅವರ ಹತ್ತಿರವೇ ಹೋಗುತ್ತೇನೆ. ಎಷ್ಟು ಬೇಕೋ ಅಷ್ಟೇ ವಿವರ ಕೊಡುತ್ತೇನೆ.

ಕೊನೆಗೆ ಪುಟ್ಟಾ, ಆ ಸರ್ಕಾರದ ವೆಬ್‌ಸೈಟ್ ಕೆಡವೋಣ ಅಂದಿದ್ದೀಯಲ್ಲ, ಅದು ಬೇಡ. ಯುದ್ಧದಲ್ಲಿ ಹ್ಯಾಕಿಂಗಿಗೆ ಇಳಿಯುವ ಸಾಮಾನ್ಯ ಜನರಿಗಾಗಿ ರೆಡ್ ಕ್ರಾಸ್‌ನವರು 2023ರ ಅಕ್ಟೋಬರ್‌ನಲ್ಲಿ 8 ನಿಯಮ ಹೊರಡಿಸಬೇಕಾಯಿತು, ಅಷ್ಟು ಗೊಂದಲ ಆಗಿತ್ತು. ನಿನ್ನ ಲ್ಯಾಪ್‌ಟಾಪ್ ಹೇಗೂ ದಿನವಿಡೀ ಆನ್ ಇರುತ್ತದೆ. ಟಾರ್ ಅಂತ ಒಂದು ಜಾಲ ಇದೆ, ಯಾರು ಎಲ್ಲಿಂದ ಇಂಟರ್‌ನೆಟ್ ನೋಡುತ್ತಿದ್ದಾರೆ ಅನ್ನುವುದನ್ನು ಅದು ಮರೆಮಾಡುತ್ತದೆ. ನಿನ್ನ ಬ್ರೌಸರ್‌ಗೆ ಅವರ ಸ್ನೋಫ್ಲೇಕ್ ಎಕ್ಸ್‌ಟೆನ್ಶನ್ ಹಾಕು. ಟಾರ್ ತಡೆದಿರುವ ದೇಶಗಳಲ್ಲಿ, ಈಗ ರಷ್ಯಾ 2021ರ ಡಿಸೆಂಬರ್‌ನಿಂದ ತಡೆಯುತ್ತಿದೆಯಲ್ಲ, ಅಂಥ ಕಡೆ ಇರುವವರ ಸಂಪರ್ಕ ನಿನ್ನ ಬ್ರೌಸರ್ ಮೂಲಕ ಟಾರ್ ಜಾಲ ಸೇರುತ್ತದೆ. ಅವರು ತೆರೆಯುವ ವೆಬ್‌ಸೈಟ್‌ಗೆ ನಿನ್ನ ವಿಳಾಸ ಕಾಣುವುದಿಲ್ಲ, ಟಾರ್‌ನದ್ದೇ ಕಾಣುತ್ತದೆ. ಹಾಕಲು ಗೊತ್ತಾಗದಿದ್ದರೆ ಭಾನುವಾರ ವಿಡಿಯೊ ಕಾಲ್ ಮಾಡು, ನಾನೇ ಹೇಳಿಕೊಡುತ್ತೇನೆ.