ಓದುಗರ ಬಳಗದ ಸಭೆ ಫೋನಿನಲ್ಲಿ: ಕಡಿಮೆ ಖರ್ಚಿನ ದಾರಿ ಯಾವುದು?

ಪ್ರಶ್ನೆ: ಕಲಬುರಗಿಯ ನಮ್ಮ ಓದುಗರ ಬಳಗದಲ್ಲಿ 25 ಮಂದಿ ಇದ್ದೇವೆ. ಕೆಲವರು ಸುರಪುರ, ಶಹಾಪುರದವರು. ಕೆಲವರು ನೌಕರಿಗೆಂದು ಪುಣೆ, ಹೈದರಾಬಾದ್ ಸೇರಿದ್ದಾರೆ. ಹಿರಿಯರಿಬ್ಬರ ಬಳಿ ಇರುವುದು ಬಟನ್ ಮೊಬೈಲ್. ವಂತಿಗೆ ಹಣ ಅಷ್ಟಕ್ಕಷ್ಟೆ. ತಿಂಗಳ ಸಭೆಗೆ ಯಾವುದು ಒಳ್ಳೆಯದು?

ಬೀದರಿನಿಂದ: ಸರ್, ದುಡ್ಡಿನ ಮಾತು ಕೊನೆಗಿರಲಿ. ವಾಟ್ಸ್ಆ್ಯಪ್ ಗುಂಪು ಕರೆಯಲ್ಲಿ 32 ಜನ ಸೇರಬಹುದು. ಹೊಸದಾಗಿ ಯಾರಿಗೂ ಏನನ್ನೂ ಕಲಿಸಬೇಕಿಲ್ಲ. ಆದರೆ ನಡುವೆ ಬಂದ ಮಾಮೂಲಿ ಕರೆಯನ್ನು ಯಾರಾದರೂ ಎತ್ತಿದರೆ ಅಷ್ಟು ಹೊತ್ತು ಅವರು ಸಭೆಯಲ್ಲಿ ಇರುವುದಿಲ್ಲ. ಖರ್ಚುವೆಚ್ಚ ಓದುತ್ತಿದ್ದ ಖಜಾಂಚಿಯೇ ಹೀಗೆ ಮಾಯವಾದರೆ ಉಳಿದವರು ಯಾರನ್ನು ಕೇಳಬೇಕು?

ನಮ್ಮ ಹವ್ಯಾಸಿ ನಾಟಕ ತಂಡ ಗೂಗಲ್ ಮೀಟ್‌ಗೆ ಬಂದು ನಿಂತಿದೆ. ಉಚಿತ ಖಾತೆಯಲ್ಲಿ 100 ಜನ, ಒಂದು ಗಂಟೆ. ಝೂಮ್‌ನಲ್ಲೂ 100 ಜನ, ಆದರೆ 40 ನಿಮಿಷಕ್ಕೆ ಕಟ್. ಗಂಟೆಯ ಮಿತಿ ನಮಗೆ ವರವೇ ಆಯಿತು. ಸ್ವಾಗತ, ಪ್ರಾಸ್ತಾವಿಕಗಳೆಲ್ಲ ತಾವಾಗಿಯೇ ಚಿಕ್ಕದಾದವು.

ಬಟನ್ ಮೊಬೈಲಿನವರನ್ನು ಮಾತ್ರ ಬಿಡಬೇಡಿ. ಎರಡು ಫೋನ್ ಇರುವ ಸದಸ್ಯರೊಬ್ಬರು ಒಂದರಲ್ಲಿ ಸಭೆಗೆ ಸೇರಲಿ, ಇನ್ನೊಂದರಿಂದ ಹಿರಿಯರಿಗೆ ಮಾಮೂಲಿ ಕರೆ ಮಾಡಲಿ. ಎರಡರಲ್ಲೂ ಸ್ಪೀಕರ್ ಹಾಕಿ ಒಂದು ಗೇಣು ದೂರದಲ್ಲಿ ಇಡಬೇಕು. ಧ್ವನಿ ಮರುಕಳಿಸಿದರೆ ಸಭೆಯ ಫೋನಿನ ಮೈಕ್ ಮುಚ್ಚಿ, ಹಿರಿಯರು ಮಾತನಾಡುವಾಗ ಮಾತ್ರ ತೆರೆಯಲಿ. ಸಪ್ಪಳ ಸ್ವಲ್ಪ ಒರಟು, ಆದರೆ ನಮ್ಮ ಹಾರ್ಮೋನಿಯಂ ಮಾಸ್ತರರು ಹೀಗೆಯೇ ಪಾಲ್ಗೊಂಡು ಎಲ್ಲರಿಗಿಂತ ಹೆಚ್ಚು ಮಾತನಾಡುತ್ತಾರೆ.

ನಂಬರ್ ಒತ್ತಿ ಸೇರುವ ಹಣದ ಸೇವೆಗಳೂ ಇವೆ. ಅವುಗಳಲ್ಲಿ ಹಲವು ತಲಾ ನಿಮಿಷಕ್ಕೆ ಬಿಲ್ ಹಾಕುತ್ತವೆ: 25 ಜನ ಒಂದು ಗಂಟೆ ಕುಳಿತರೆ 1500 ನಿಮಿಷ. ಇಬ್ಬರಿಗಾಗಿ ಅಷ್ಟು ಹಣ ಚೆಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಯಾದಗಿರಿಯಿಂದ: ಮೇಲಿನವರ ಮಾತಿಗೆ ನನ್ನದೂ ಹೂಂ. ಹಳ್ಳಿಯಲ್ಲಿರುವವರು ಕ್ಯಾಮೆರಾ ಮುಚ್ಚಿಡಲಿ. ಡೇಟಾ ತಿನ್ನುವುದು ಚಿತ್ರ, ಮಾತಲ್ಲ. ಮುಂದೆ ಗಂಟೆ ಸಾಲದೆ ಹಣದ ಯೋಜನೆಗೆ ಹೋಗುವುದಾದರೂ ಸಭೆ ಕರೆಯುವವರೊಬ್ಬರು ಕಟ್ಟಿದರೆ ಸಾಕು, ಸೇರುವವರಿಗೆ ಖರ್ಚಿಲ್ಲ. ನಮ್ಮಲ್ಲಿ ಇದು ತಿಳಿಯುವವರೆಗೆ ಎಲ್ಲರಿಂದಲೂ ಪಟ್ಟಿ ಎತ್ತುವ ಚರ್ಚೆಯೇ ನಡೆದಿತ್ತು.