ತಮ್ಮನಿಗೆ ಹೆಪಟೈಟಿಸ್ ಬಿ ಅಂತೆ, ಪ್ಲೈವುಡ್ ಕೆಲಸ ಬಿಡಿಸಬೇಕಾ?

ನನ್ನ ತಮ್ಮನಿಗೆ 29 ವರ್ಷ. ಪೀಣ್ಯದ ಹತ್ತಿರ ಮಾಡ್ಯುಲರ್ ಕಿಚನ್ ಮಾಡುವ ವರ್ಕ್‌ಶಾಪ್‌ನಲ್ಲಿ ಏಳು ವರ್ಷದಿಂದ ಕೆಲಸ. ಬೆಳಗಿಂದ ಸಂಜೆವರೆಗೆ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಕಟಿಂಗ್. ಕಳೆದ ತಿಂಗಳು ಒಂದು ಕ್ಯಾಂಪ್‌ನಲ್ಲಿ ರಕ್ತ ಕೊಟ್ಟು ಬಂದ. ವಾರ ಕಳೆದ ಮೇಲೆ ಫೋನ್ ಬಂತು, ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಟೆಸ್ಟ್) ಪಾಸಿಟಿವ್ ಅಂತ. ಅವನಿಗೇನೂ ಆಗಿಲ್ಲ, ಚೆನ್ನಾಗಿಯೇ ಊಟ ಮಾಡುತ್ತಾನೆ. ಅಮ್ಮ ಮಾತ್ರ "ಆ ಗಮ್ಮಿನ ವಾಸನೆಯೇ ಲಿವರ್ ತಿಂದುಹಾಕಿದೆ, ಕೆಲಸ ಬಿಡು" ಎಂದು ಹಟ ಹಿಡಿದಿದ್ದಾರೆ. ಅವನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ನಾಟಿ ಔಷಧಿಯೂ ಶುರುವಾಗಿದೆ. ಹೆಣ್ಣು ನೋಡುತ್ತಿದ್ದೆವು, ಅದೂ ನಿಂತಿದೆ. ನನ್ನ ಮಗಳಿಗೆ ಮೂರು ವರ್ಷ, ಮಾಮನ ಹೆಗಲಿಂದ ಇಳಿಯುವುದೇ ಇಲ್ಲ. ಗೊತ್ತಿರುವವರು, ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರಿನಿಂದ, 11 ವರ್ಷದಿಂದ ಬಿ ಇಟ್ಟುಕೊಂಡು ಬದುಕುತ್ತಿರುವವನು:

ಅಕ್ಕಾ, ಮೊದಲು ಆ ತಟ್ಟೆ ವಾಪಸ್ ತನ್ನಿ. ನನಗೂ ನಮ್ಮ ಮನೆಯಲ್ಲಿ ಅಡಿಯಲ್ಲಿ ಕೆಂಪು ಪೇಂಟ್ ಹಚ್ಚಿದ ಸ್ಟೀಲ್ ಲೋಟ ಇತ್ತು. ಮೂರು ತಿಂಗಳು ಅದರಲ್ಲೇ ಕಾಫಿ ಕುಡಿದೆ. ಆಮೇಲೆ ಡಾಕ್ಟರು ನಮ್ಮಪ್ಪನನ್ನು ಎದುರು ಕೂರಿಸಿಕೊಂಡು ಹೇಳಿದರು: ಜೊತೆಗೆ ಊಟ ಮಾಡಿದರೆ, ತಬ್ಬಿಕೊಂಡರೆ, ಕೆಮ್ಮಿದರೆ ಇದು ಬರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಿಗೆ ತಾಯಿಯಿಂದ ಮಗುವಿಗೆ ಬರುತ್ತದೆ. ಬೇರೆ ಇಡಬೇಕಾದದ್ದು ರೇಜರ್, ಟೂತ್‌ಬ್ರಶ್, ನೇಲ್ ಕಟರ್. ಲೋಟ ಅಲ್ಲ.

ಇನ್ನೊಂದು ವಿಷಯ, ಮೆತ್ತಗೆ ಹೇಳುತ್ತೇನೆ. ದೊಡ್ಡವರಾದ ಮೇಲೆ ಈ ವೈರಸ್ ತಗುಲಿದರೆ 100ರಲ್ಲಿ 95 ಜನರ ಮೈ ಅದನ್ನು ತಾನೇ ಓಡಿಸುತ್ತದೆ. ಹುಟ್ಟುವಾಗ ತಗುಲಿದರೆ ಲೆಕ್ಕ ತಿರುಗುಮುರುಗು, ಸುಮಾರು 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ಹಾಗಾಗಿ ನಿಮ್ಮ ಅಮ್ಮನಿಗೂ ನಿಮಗೂ ಟೆಸ್ಟ್ ಆಗಬೇಕು. ನಮ್ಮ ಮನೆಯಲ್ಲಿ ಹೀಗೇ ಗೊತ್ತಾಯಿತು: ಅಮ್ಮ, ನಾನು, ನನ್ನ ಅಕ್ಕ, ಮೂವರಿಗೂ ಇತ್ತು. ಅಮ್ಮ ಎರಡು ದಿನ ಅತ್ತರು. ಅವರ ತಪ್ಪೇನೂ ಇಲ್ಲ, ಅವರಿಗೂ ಅವರ ಅಮ್ಮನಿಂದ ಬಂದಿರಬಹುದು. ಆದರೆ ಈ ಮಾತನ್ನು ಅಮ್ಮನಿಗೆ ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ಜಗಳದ ಮಧ್ಯೆ ಮಾತ್ರ ಹೇಳಬೇಡಿ.

ಒಂದು ಪಾಸಿಟಿವ್ ನೋಡಿ ಯಾರೂ ಮಾತ್ರೆ ಬರೆದುಕೊಡುವುದಿಲ್ಲ. ವೈರಸ್ ಎಷ್ಟಿದೆ ಎಂದು ಡಿಎನ್‌ಎ ಟೆಸ್ಟ್, ಲಿವರ್‌ಗೆ ಪೆಟ್ಟಾಗಿದೆಯಾ ಎಂದು ನೋಡುವ ಎಎಲ್‌ಟಿ ರಕ್ತದ ಟೆಸ್ಟ್, ಹೊಟ್ಟೆ ಸ್ಕ್ಯಾನ್, ಲಿವರ್ ಗಟ್ಟಿಯಾಗಿದೆಯಾ ಎಂದು ನೋಡುವ ಸ್ಕ್ಯಾನ್ ಮಾಡಿಸುತ್ತಾರೆ. ಆರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ನನಗೆ ಮೊದಲ ನಾಲ್ಕು ವರ್ಷ ಮಾತ್ರೆಯೇ ಇರಲಿಲ್ಲ. ಈಗ ದಿನಕ್ಕೊಂದು ಟೆನೋಫೋವಿರ್. ಒಮ್ಮೆ "ಎಲ್ಲಾ ನಾರ್ಮಲ್ ಅಲ್ವಾ" ಎಂದು ನಾನೇ ನಿಲ್ಲಿಸಿದ್ದೆ. ಎರಡು ತಿಂಗಳಲ್ಲಿ ಕಣ್ಣು ಹಳದಿಯಾಗಿ ಆಸ್ಪತ್ರೆಯಲ್ಲಿ ಮಲಗಿದೆ. ಆ ತಪ್ಪು ಅವನು ಮಾಡದಿರಲಿ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಶುರು ಮಾಡಿದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಟೆಸ್ಟ್, ಮಾತ್ರೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ವೈರಸ್ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ:

ನಾಟಿ ಔಷಧಿಯಲ್ಲಿ ನೆಲನೆಲ್ಲಿ ಇದೆಯಾ? ಇದ್ದರೆ ಅದಕ್ಕೊಂದು ಕತೆಯೇ ಇದೆ. ಹೆಪಟೈಟಿಸ್ ಬಿ ಪತ್ತೆಯಾದದ್ದು ಬರೂಕ್ ಬ್ಲೂಮ್‌ಬರ್ಗ್ ಅವರಿಂದ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ರಕ್ತದಲ್ಲಿ ಸಿಕ್ಕ ಪ್ರೊಟೀನ್ ಅದು, ಅದಕ್ಕೇ "ಆಸ್ಟ್ರೇಲಿಯಾ ಆಂಟಿಜನ್" ಎಂದು ಹೆಸರು. ನಿಮ್ಮ ತಮ್ಮನ ರಿಪೋರ್ಟ್‌ನಲ್ಲಿರುವ ಎಚ್‌ಬಿಎಸ್‌ಎಜಿ ಅದೇ. ಅವರಿಗೆ 1976ರಲ್ಲಿ ನೊಬೆಲ್ ಬಂತು. ಮುಂದೆ ಅದೇ ಬ್ಲೂಮ್‌ಬರ್ಗ್ ಮದ್ರಾಸಿನ ಸಂಶೋಧಕರ ಜೊತೆ ಸೇರಿ ನೆಲನೆಲ್ಲಿಯನ್ನು ಪರೀಕ್ಷೆ ಮಾಡಿದರು. 1988ರಲ್ಲಿ ಪ್ರಕಟವಾಯಿತು: ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಜನರಿಗೆ ನೆಗೆಟಿವ್ ಆಯಿತು, ಸುಮ್ನೆ ಹುಸಿ ಗುಳಿಗೆ ತೆಗೆದುಕೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಎಲ್ಲರಿಗೂ ಭಾರೀ ಆಸೆ ಹುಟ್ಟಿತು. ಆಮೇಲೆ ಬೇರೆ ಕಡೆ ಮಾಡಿದಾಗ ಆ ಫಲಿತಾಂಶ ಮತ್ತೆ ಬರಲಿಲ್ಲ. ನಾನೂ ನೆಲನೆಲ್ಲಿ ತಂಬುಳಿ ತಿಂದು ಬೆಳೆದವಳೇ, ತಿನ್ನಿ ಬೇಕಾದರೆ. ಔಷಧಿ ಎಂದು ನಂಬಿ ಕೂರಬೇಡಿ. ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿ, ಭಸ್ಮ ಅಂತೂ ಬೇಡವೇ ಬೇಡ.

ಊರಲ್ಲಿ "ಕಾಮಾಲೆಗೆ ನಾಟಿ ಔಷಧಿಯೇ ಸರಿ" ಎನ್ನುವುದಕ್ಕೂ ಕಾರಣ ಇದೆ. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಎ ಮತ್ತು ಇ ವೈರಸ್‌ಗಳ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹೆಸರು ಔಷಧಿಗೆ ಬರುತ್ತದೆ. ಬಿ ಹಾಗಲ್ಲ. ಅದು ಲಿವರ್ ಜೀವಕೋಶದ ನ್ಯೂಕ್ಲಿಯಸ್ ಒಳಗೆ ಉಂಗುರದ ಹಾಗೆ ಡಿಎನ್‌ಎ ಮಾಡಿಕೊಂಡು ಕೂರುತ್ತದೆ. ಮಾತ್ರೆ ಹೊಸ ವೈರಸ್ ಆಗದಂತೆ ತಡೆಯುತ್ತದೆ, ಆ ಉಂಗುರವನ್ನು ಮುಟ್ಟುವುದಿಲ್ಲ. ಲ್ಯಾಬುಗಳಲ್ಲಿ ಈಗ ಎಲ್ಲರೂ ತಲೆ ಕೆಡಿಸಿಕೊಂಡಿರುವುದು ಅದರ ಮೇಲೇ. ಯಾರಾದರೂ "12 ವಾರದಲ್ಲಿ ವಾಸಿಯಾಗುತ್ತದೆ" ಎಂದರೆ ಅವರು ಹೇಳುತ್ತಿರುವುದು ಹೆಪಟೈಟಿಸ್ ಸಿ ಬಗ್ಗೆ.

ಬೋರ್ಡ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ 18 ವರ್ಷ ಕೆಲಸ ಮಾಡಿದವರು:

ಅಮ್ಮನವರ ಗಮ್ಮಿನ ವಾಸನೆ ಬಗ್ಗೆ ನಾನು ಹೇಳುತ್ತೇನೆ. ವೈರಸ್ಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಅವರಿಗೆ ಆ ವಾಸನೆ ಕಂಡರಾಗದು ಅಲ್ವಾ, ಅದು ಸರಿಯಾಗಿಯೇ ಇದೆ.

ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಕಡಿಮೆ ದರ್ಜೆಯ ಪ್ಲೈವುಡ್ ಅಂಟಿಸುವುದು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಲ್ಲಿ. ಆ ಅಂಟು ಫಾರ್ಮಾಲ್ಡಿಹೈಡ್ ಎನ್ನುವ ಘಾಟು ಅನಿಲವನ್ನು ನಿಧಾನವಾಗಿ ಬಿಡುತ್ತಾ ಇರುತ್ತದೆ. ಸೆಕೆ, ತೇವ ಜಾಸ್ತಿಯಾದರೆ ಇನ್ನೂ ಜಾಸ್ತಿ ಬಿಡುತ್ತದೆ. ನಾವು ಹೀಗೆ ಅಳೆಯುತ್ತಿದ್ದೆವು: ಗಾಜಿನ ಮುಚ್ಚಳದ ಪಾತ್ರೆಯ ತಳದಲ್ಲಿ ಒಂದು ಬಟ್ಟಲು ನೀರು, ಮೇಲೆ ಬೋರ್ಡಿನ ತುಂಡುಗಳು. 24 ಗಂಟೆ ಹಾಗೇ ಬಿಡಬೇಕು. ಹೊರಗೆ ಬಂದ ಫಾರ್ಮಾಲ್ಡಿಹೈಡ್ ನೀರಿಗೆ ಇಳಿದಿರುತ್ತದೆ. ಆಮೇಲೆ ರಾಸಾಯನಿಕ ಹಾಕಿದರೆ ನೀರು ಹಳದಿಗೆ ತಿರುಗುತ್ತದೆ. ಹಳದಿ ಗಾಢವಾದಷ್ಟೂ ಬೋರ್ಡ್ ಕೆಟ್ಟದ್ದು. ಒಮ್ಮೆ ಒಂದು ಸ್ಯಾಂಪಲ್ ಅರಿಶಿನ ನೀರಿನ ಹಾಗೇ ಬಂದಿತ್ತು. ಮುಚ್ಚಳ ತೆಗೆದವನ ಕಣ್ಣಲ್ಲಿ ನೀರು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನು 1995ರಲ್ಲಿ, ಫಾರ್ಮಾಲ್ಡಿಹೈಡನ್ನು 2004ರಲ್ಲಿ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ಭಯ ಮೂಗು, ಗಂಟಲಿನ ಭಾಗಕ್ಕೆ. ಮುಖಕ್ಕೆ ಕರ್ಚೀಫ್ ಕಟ್ಟಿದರೆ ಏನೂ ಉಪಯೋಗವಿಲ್ಲ. ಗರಗಸದ ಪಕ್ಕದಲ್ಲೇ ಧೂಳು ಎಳೆಯುವ ಪೈಪ್ ಬೇಕು, ಒಳ್ಳೆ ಮಾಸ್ಕ್ ಬೇಕು. ಬೋರ್ಡ್ ತರುವಾಗ ಇ1 ಎಂದು ಕೇಳಿ ತರಬೇಕು. 100 ಗ್ರಾಂ ಬೋರ್ಡ್‌ನಲ್ಲಿ ಫಾರ್ಮಾಲ್ಡಿಹೈಡ್ 8 ಮಿಲಿಗ್ರಾಂಗಿಂತ ಕಡಿಮೆ ಎಂದು ಅರ್ಥ. ಐಎಸ್ 710 ಮರೀನ್ ಪ್ಲೈ ಫೀನಾಲ್ ಅಂಟಿನದು, ತುಂಬಾ ಕಡಿಮೆ ಬಿಡುತ್ತದೆ. ಅದನ್ನು 72 ಗಂಟೆ ನೀರಲ್ಲಿ ಕುದಿಸಿ, ಚಾಕು ಹಾಕಿ ಪದರ ಬಿಡಿಸಿ ನೋಡುತ್ತಾರೆ. ಒಳ್ಳೆಯದಾದರೆ ಮರ ಸೀಳುತ್ತದೆ, ಅಂಟು ಬಿಡುವುದಿಲ್ಲ. ಅದು ಬೇರೆ ಮಾತು, ನೆನಪಾಯಿತು ಎಂದು ಹೇಳಿದೆ.

ರಾಮನಗರದ ಮೇಸ್ತ್ರಿ:

ನನ್ನ ಹತ್ತಿರ ಹುಡುಗ ಒಬ್ಬನಿಗೆ ಇದೇ ಇತ್ತು. ಕೆಲಸ ಬಿಡಿಸಲಿಲ್ಲ. ಉಳಿ, ಟ್ರಿಮ್ಮರ್ ಹಿಡಿದ ಮೇಲೆ ಕೈ ಕುಯ್ದುಕೊಳ್ಳುವುದು ಇದ್ದೇ ಇದೆ. ಗಾಯವಾದರೆ ಅವನ ಪ್ಲಾಸ್ಟರ್ ಅವನೇ ಹಾಕಿಕೊಳ್ಳುತ್ತಾನೆ, ಬೆಂಚಿಗೆ ಬಿದ್ದ ರಕ್ತವನ್ನು ಬ್ಲೀಚಿಂಗ್ ನೀರಲ್ಲಿ ಒರೆಸುತ್ತಾನೆ. ಒಣಗಿದ ರಕ್ತದಲ್ಲೂ ಇದು ಏಳು ದಿನ ಬದುಕಿರುತ್ತದಂತೆ. ನಾವೆಲ್ಲ ಮೂರು ಡೋಸ್ ಲಸಿಕೆ ಹಾಕಿಸಿಕೊಂಡೆವು. ಸಂಬಳದ ದಿನ ಎಣ್ಣೆ ಹಾಕುವುದು ಮಾತ್ರ ಅವನು ಪೂರ್ತಿ ಬಿಟ್ಟ. ನಾನು ಇನ್ನೂ ಬಿಟ್ಟಿಲ್ಲ.

ಹೆರಿಗೆ ವಾರ್ಡಿನ ನರ್ಸ್:

ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. 6, 10, 14 ವಾರಕ್ಕೆ ಪೆಂಟಾವಲೆಂಟ್ ಆಗಿದ್ದರೆ ಅದರಲ್ಲೇ ಹೆಪಟೈಟಿಸ್ ಬಿ ಲಸಿಕೆ ಇದೆ. ಹೆಗಲ ಮೇಲೆ ಕೂರಲಿ ಬಿಡಿ.

ಮದುವೆಯೂ ನಿಲ್ಲಬೇಕಿಲ್ಲ. ಆದರೆ ಮುಚ್ಚಿಟ್ಟು ಮಾಡಬೇಡಿ. ಹುಡುಗಿಗೆ ಮೊದಲು ಟೆಸ್ಟ್, ನೆಗೆಟಿವ್ ಇದ್ದರೆ 0, 1, 6 ತಿಂಗಳಿಗೆ ಲಸಿಕೆ, ಆಮೇಲೆ ಲಸಿಕೆ ಕೆಲಸ ಮಾಡಿದೆಯಾ ಎಂದು ತೋರಿಸುವ ಆಂಟಿಬಾಡಿ ಟೆಸ್ಟ್‌ನಲ್ಲಿ 10ಕ್ಕಿಂತ ಹೆಚ್ಚು ಬಂದಿದೆಯಾ ಎಂದು ನೋಡಿ.

ಪ್ರಶ್ನೆ ಕೇಳಿದ ಅಕ್ಕ, ನಾಲ್ಕು ದಿನ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ಕಾರ್ಡ್ ನೋಡಿದೆ, ಮೂರೂ ಆಗಿದೆ. ತಮ್ಮ ಮಾಲೀಕರ ಹತ್ತಿರ ಧೂಳಿನ ಪೈಪ್ ಮಾತು ತೆಗೆದಿದ್ದಾನೆ, "ನೋಡೋಣ" ಅಂದರಂತೆ. ಅಮ್ಮನಿಗೆ "ಮನೆಯವರೆಲ್ಲ ಮಾಡಿಸಿಕೊಳ್ಳಬೇಕಂತೆ" ಎಂದಷ್ಟೇ ಹೇಳಿದ್ದೇನೆ. ಬರುತ್ತಾರಂತೆ. ಶನಿವಾರ ಮೂವರೂ ಹೋಗುತ್ತೇವೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಅಮ್ಮನಿಗೆ ಶುಗರ್ ಇದೆ.

ಮೈಸೂರಿನವನು:

ರಕ್ತದ ಟೆಸ್ಟಿಗೆ ಬೇಡ, ಅಮ್ಮ ತಿಂಡಿ ತಿಂದೇ ಬರಲಿ. ಹೊಟ್ಟೆ ಸ್ಕ್ಯಾನ್ ಇದ್ದರೆ ತಮ್ಮ ಮಾತ್ರ ಖಾಲಿ ಹೊಟ್ಟೆಯಲ್ಲಿ ಬರಬೇಕು. ರಕ್ತದಾನದವರು ಕೊಟ್ಟ ರಿಪೋರ್ಟ್ ಮರೆಯದೆ ತೆಗೆದುಕೊಂಡು ಹೋಗಿ.